ಯುವ ಕ್ರೀಡಾಪಟುಗಳಿಗೆ ತೂಕದ ಲೆಕ್ಕವೊಂದೇ ಸಾಲದು

ಮಾನ್ಯರೇ,

2020ರ ಮಾರ್ಚ್ 25ರಿಂದ ಜಾರಿಯಾದ ಲಾಕ್‌ಡೌನ್ ಯುವ ಕ್ರೀಡಾಪಟುಗಳ ದೇಹದ ಮೇಲೆ ಮಾಡಿದ ಪರಿಣಾಮವನ್ನು ತೂಕದ ಯಂತ್ರವೊಂದರಿಂದಲೇ ಅಳೆಯುವುದು ತಪ್ಪು. ವಿಜಯಪುರ, ಬಾಗಲಕೋಟೆ ಭಾಗದ ಸೈಕ್ಲಿಂಗ್ ಪಟುಗಳನ್ನೇ ನೋಡಿ. 50 ಕೆ.ಜಿ. ತೂಕದ ಸವಾರನಿಗೆ ಎರಡು ಗಂಟೆಯ ಅಭ್ಯಾಸದಲ್ಲಿ ಸುಮಾರು 800 ಕಿಲೊ ಕ್ಯಾಲರಿ ಖರ್ಚಾಗುತ್ತದೆ. ಅಭ್ಯಾಸ ನಿಂತು ಊಟ ಹಾಗೇ ಉಳಿದರೆ ಕೊಬ್ಬು ಸೇರುತ್ತದೆ, ಸ್ನಾಯು ಕರಗುತ್ತದೆ. ಒಂದಕ್ಕೊಂದು ಸರಿದೂಗಿ ತೂಕ ಬದಲಾಗದಂತೆಯೂ ಕಾಣಬಹುದು.

ಹಾಗೆಂದು ಬೆಳೆಯುವ ಮಕ್ಕಳನ್ನು ಉಪವಾಸ ಕೆಡವುವುದು ಸರ್ವಥಾ ಸಲ್ಲದು. ಅವರಿಗೆ ಕೆ.ಜಿ. ತೂಕಕ್ಕೆ ದಿನಕ್ಕೆ 1.2ರಿಂದ 1.6 ಗ್ರಾಂ, ಅಂದರೆ 50 ಕೆ.ಜಿ.ಗೆ 60–80 ಗ್ರಾಂ ಪ್ರೋಟೀನ್ ಬೇಕು. ರೊಟ್ಟಿಯೊಂದಿಗೆ ಒಂದು ಚಮಚ ಶೇಂಗಾ ಚಟ್ನಿಯಿಂದ ಸಿಗುವುದು ಎರಡೇ ಗ್ರಾಂ. ಕಾಳಿನ ಪಲ್ಯ, ಮೊಸರು, ಮೊಟ್ಟೆ ದಿನವೂ ಇರಬೇಕು.

ಕ್ರೀಡಾ ವಸತಿ ನಿಲಯಗಳು ದೀರ್ಘಾವಧಿಗೆ ಮುಚ್ಚುವ ಮುನ್ನ ಮತ್ತು ತೆರೆದ ಮೊದಲ ವಾರ ಚರ್ಮದಡಿಯ ಕೊಬ್ಬು ತಿಳಿಯಲು ತೋಳು, ಹೊಟ್ಟೆ, ತೊಡೆಯ ಚರ್ಮದ ಮಡಿಕೆಯ ದಪ್ಪವನ್ನು ಚಿಮಟದಂಥ ಅಳತೆ ಸಾಧನವಾದ ಕ್ಯಾಲಿಪರ್‌ನಿಂದ ಅಳೆದು ದಾಖಲಿಸಲಿ. ಎರಡೂ ಸಲ ಒಬ್ಬರೇ ಅಳೆಯಬೇಕು. ಕೈ ಬದಲಾದರೆ ಅಳತೆಯೂ ಬದಲಾಗುತ್ತದೆ. ಮನೆಗೆ ಹೊರಡುವ ಮಕ್ಕಳ ಕೈಗೆ ತಿಂಗಳಿಗಾಗುವಷ್ಟು ಹೆಸರುಕಾಳು, ಮಡಕಿ ಕಾಳು, ಶೇಂಗಾ ಕೊಟ್ಟು ಕಳುಹಿಸಲಿ.

– ಕ್ರೀಡಾ ಆಹಾರ ತಜ್ಞ, ವಿಜಯಪುರ