ಅಡ್ಡಹೆಸರಿನ ಬಾಲ

ಪಿರೋತ್, ಸರ್ಬಿಯಾ
ನವೆಂಬರ್ 3

ಅವ್ವನಿಗೆ, ಅಪ್ಪನಿಗೆ ನಮಸ್ಕಾರ. ನಾನು ಆರಾಮ ಇದ್ದೇನೆ. ನೀವೂ ಆರಾಮ ಅಂದುಕೊಂಡಿದ್ದೇನೆ.

ನೀನು ಕಾಗದದ ಮೇಲೆ ಬರೆದು ಗಿರಿಜಾಳ ಫೋನಿನಿಂದ ಫೋಟೋ ಕಳಿಸಿದ್ದು ಸಿಕ್ಕಿತು. ಸವಿತಾ ಮನೆಯಲ್ಲೇ ಇರುವಾಗ ಫೋನಿನಲ್ಲಿ ಈ ಮಾತು ಆಡಲು ಆಗುವುದಿಲ್ಲ ಅಂದಿದ್ದೀಯಲ್ಲ, ಅದಕ್ಕೇ ನಾನೂ ಬರೆದೇ ಕಳಿಸುತ್ತಿದ್ದೇನೆ. ಗಿರಿಜಾ ಮೊದಲು ಓದುತ್ತಾಳೆ ಅಂತ ಗೊತ್ತು. ಓದಲಿ.

ಚಳಿಯ ಚಿಂತೆ ಬಿಡು. ಬೆಳಿಗ್ಗೆ ಮೈನಸ್ ಎರಡು ಇರುತ್ತದೆ, ಅಷ್ಟೇ. ಮನೆಯೊಳಗೆ ಕಟ್ಟಿಗೆ ಒಲೆ ಉರಿಯುತ್ತದೆ. ಊಟಕ್ಕೂ ತೊಂದರೆ ಇಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಇಲ್ಲಿ ಊರಿಗೆ ಊರೇ ಕೆಂಪು ದಪ್ಪ ಮೆಣಸಿನಕಾಯಿ ಸುಟ್ಟು, ಚಟ್ನಿ ಮಾಡಿ ಬಾಟಲಿಗೆ ತುಂಬುತ್ತದೆ. ಐವರ್ ಅನ್ನುತ್ತಾರೆ. ಅದನ್ನು ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನುತ್ತೇನೆ. ಖಾರ ಇರುವುದಿಲ್ಲ, ಅದೊಂದೇ ದುಃಖ. ಈ ಊರಿನ ಹೆಸರುವಾಸಿ ತಿನಿಸು ಬೇರೆ ಇದೆ, ಬಾಟಲಿಯಿಂದ ಉಜ್ಜಿ ಉಜ್ಜಿ ಚಪ್ಪಟೆ ಮಾಡಿ ಒಣಗಿಸಿದ ಮಾಂಸ. ಅದರ ಹೆಸರೇ 'ಇಸ್ತ್ರಿ ಮಾಡಿದ ಸಾಸೇಜ್'. ನಾನು ಮುಟ್ಟಿಲ್ಲ. ಬಸವಣ್ಣನ ಆಣೆ.

ಈಗ ಸವಿತಾಳ ಮದುವೆ ವಿಷಯ. ಹುಡುಗ ಒಳ್ಳೆಯವನು, ಸೊಲ್ಲಾಪುರದಲ್ಲಿ ನೌಕರಿ, ಚಟ ಇಲ್ಲ, ಅವಳಿಗೂ ಒಪ್ಪಿಗೆ. ಅಡ್ಡ ನಿಂತಿರುವುದು ಕಾಕಾ ಒಬ್ಬರೇ ಅಲ್ವಾ? ಅದೂ ಅಡ್ಡಹೆಸರಿಗಾಗಿ. 'ಮೈಂದರಗಿಕರ್ ಅಂತೆ, ಅಕ್ಕಲಕೋಟೆ ಕಡೆಯ ಮರಾಠಿ ಮಂದಿ, ನಮಗೆ ಬೇಡ' ಅಂದರಂತೆ. ಹುಡುಗನ ತಾಯಿ ನಿನಗಿಂತ ಅಚ್ಚ ಕನ್ನಡ ಆಡುತ್ತಾಳೆ ಅಂತ ನೀನೇ ಬರೆದಿದ್ದೀಯ. ಆದರೂ ಕಾಕಾ ನಿನ್ನ ತಲೆಯಲ್ಲಿ ಹುಳ ಬಿಟ್ಟಿದ್ದಾರೆ. ನಾಳೆ ಸವಿತಾಳ ಮಕ್ಕಳು ಮರಾಠಿ ಸಾಲಿಗೆ ಹೋಗಿ, ನನ್ನನ್ನು ಅಜ್ಜಿ ಅನ್ನದೆ 'ಆಜಿ' ಅಂದರೆ ಏನು ಮಾಡಲಿ ಅಂತ ಕೇಳಿದ್ದೀಯ.

ಓದಿ ಮೊದಲು ನಗು ಬಂತು. ಆಮೇಲೆ ನಗು ಹೋಯಿತು. ಯಾಕೆಂದರೆ ನಾನಿರುವ ಮನೆಯಲ್ಲೂ ಇದೇ ಪಂಚಾಯ್ತಿ, ಅದೂ ಐವತ್ತು ವರ್ಷದಿಂದ.

ಮನೆಯೊಡತಿಯನ್ನು ನಾನು ಬಾಬಾ ಅನ್ನುತ್ತೇನೆ. ಇಲ್ಲಿ ಬಾಬಾ ಅಂದರೆ ಅಜ್ಜಿ. ಗಡ್ಡದ ಬಾಬಾ ಅಲ್ಲ ಅಂತ ಅಪ್ಪನಿಗೆ ಹೇಳು. ವಯಸ್ಸು ಎಪ್ಪತ್ತೆಂಟು. ತವರು ದಿಮಿತ್ರೊವ್‌ಗ್ರಾದ್, ಇಲ್ಲಿಂದ ಸುಮಾರು 25 ಕಿಲೋಮೀಟರ್, ಬಲ್ಗೇರಿಯಾ ಗಡಿಗೆ ತಾಗಿಕೊಂಡೇ ಇದೆ. ಬಾಬಾ ಮಾತ್ರ ಆ ಹೆಸರು ಹೇಳುವುದಿಲ್ಲ, ತ್ಸಾರಿಬ್ರೋದ್ ಅನ್ನುತ್ತಾಳೆ. ಬಲ್ಗೇರಿಯಾದ ಕಮ್ಯುನಿಸ್ಟ್ ನಾಯಕ ಗಿಯೋರ್ಗಿ ದಿಮಿತ್ರೊವ್ ನೆನಪಿಗೆ 1950ರಲ್ಲಿ ಹೆಸರು ಬದಲಿಸಿದರು. 'ನಾನು ಹುಟ್ಟಿದ್ದು ಅದಕ್ಕಿಂತ ಮೊದಲು' ಅನ್ನುವುದು ಬಾಬಾಳ ವಾದ.

1878ರಲ್ಲಿ ಬರ್ಲಿನ್‌ನಲ್ಲಿ ದೊಡ್ಡ ದೇಶದವರು ಕೂತು ಗೆರೆ ಎಳೆದಾಗ ಪಿರೋತ್ ಸರ್ಬಿಯಾಕ್ಕೆ ಹೋಯಿತು, ತ್ಸಾರಿಬ್ರೋದ್ ಬಲ್ಗೇರಿಯಾಕ್ಕೆ. 1885ರಲ್ಲಿ ಎರಡೂ ದೇಶ ಹೊಡೆದಾಡಿದವು. 1915ರಿಂದ 1918ರವರೆಗೆ ಬಲ್ಗೇರಿಯಾದ ಸೈನ್ಯ ಪಿರೋತ್‌ನಲ್ಲೇ ಕೂತಿತ್ತು. ಆ ಯುದ್ಧದಲ್ಲಿ ಅವರು ಸೋತರು, 1919ರ ನೆಯಿ ಒಪ್ಪಂದದಲ್ಲಿ ತ್ಸಾರಿಬ್ರೋದ್ ಈ ಕಡೆಗೆ ಬಂತು. 1941ರಲ್ಲಿ ಮತ್ತೆ ಆ ಕಡೆ, 1944ರಲ್ಲಿ ಮತ್ತೆ ಈ ಕಡೆ. ಚಡಚಣದ ಬಸ್ಸು ಕೂಡ ಇಷ್ಟು ಸಲ ಹೋಗಿ ಬರುವುದಿಲ್ಲ.

ಮೊನ್ನೆ ಶನಿವಾರ, ಅಲ್ಲಿ ಕಾಕಾ ಧ್ವಜ ಹಾರಿಸುತ್ತಿದ್ದ ದಿನ, ಇಲ್ಲಿ ಹಿರಿಯರ ದಿನ. ಸತ್ತವರ ಸಮಾಧಿಗೆ ಹೋಗಿ ಎಡೆ ಇಡುತ್ತಾರೆ. ನಮ್ಮ ಮಹಾಲಯ ಅಮಾವಾಸ್ಯೆ ಇದ್ದ ಹಾಗೆ. ಬಾಬಾಳ ಮಗನ ಕಾರಿನಲ್ಲಿ ತ್ಸಾರಿಬ್ರೋದ್‌ಗೆ ಹೋದೆವು. ಬಾಬಾಳ ತೊಡೆಯ ಮೇಲೆ ಒಂದು ಸ್ಟೀಲ್ ಡಬ್ಬಿ. ಅದರಲ್ಲಿ ಬೇಯಿಸಿದ ಗೋಧಿ, ಸಕ್ಕರೆ, ಪುಡಿ ಮಾಡಿದ ಅಕ್ರೋಟು. ನಮ್ಮ ಗೋಧಿ ಹುಗ್ಗಿಗೆ ಬೆಲ್ಲ ಹಾಕುವುದು ಮರೆತರೆ ಹೇಗಿರುತ್ತದೋ ಹಾಗಿರುತ್ತದೆ. ಬಲ್ಗೇರಿಯಾದ ರಾಜಧಾನಿ ಸೋಫಿಯಾದಿಂದ ಅವಳ ತಮ್ಮನ ಮನೆಯವರೂ ಬಂದಿದ್ದರು. ದಿನ ಒಂದೇ, ಹೆಸರು ಮಾತ್ರ ಎರಡು. ಇಲ್ಲಿಯವರಿಗೆ ಅದು ಸಂತ ದಿಮಿತ್ರಿಯ ಹಬ್ಬದ ಹಿಂದಿನ ಶನಿವಾರ, ಅಲ್ಲಿಯವರಿಗೆ ದೇವದೂತರ ಹಬ್ಬದ ಹಿಂದಿನ ಶನಿವಾರ. ಎರಡು ಚರ್ಚುಗಳ ಪಂಚಾಂಗ ಬೇರೆ ಬೇರೆ. ಕ್ರಿಸ್‌ಮಸ್ ಕೂಡ ಅವರಿಗೆ ಡಿಸೆಂಬರ್ 25, ಇವರಿಗೆ ಜನವರಿ 7. ಇನ್ನೊಂದು ಮಾತು. ಬಲ್ಗೇರಿಯಾದಲ್ಲಿ ನವೆಂಬರ್ 1 ಅಂದರೆ ಭಾಷೆಗೆ, ಓದಿಗೆ ದುಡಿದ ಹಿರಿಯರನ್ನು ನೆನೆಯುವ ದಿನವಂತೆ. ಕಾಕಾಗೆ ಹೇಳು, ಖುಷಿ ಪಡುತ್ತಾರೆ.

ಸಮಾಧಿಯ ಹತ್ತಿರ ನಾನೊಂದು ಎಡವಟ್ಟು ಮಾಡಿದೆ. ಥರ್ಮಾಸಿನಲ್ಲಿ ಚಹಾ ಇತ್ತು. ಸೋಫಿಯಾದ ಹುಡುಗನಿಗೆ 'ಬೇಕಾ' ಅಂದೆ. ಅವನು ತಲೆ ಅಡ್ಡಡ್ಡ ಅಲ್ಲಾಡಿಸಿದ. ಬೇಡವೇನೋ ಅಂತ ಕಪ್ಪು ಇನ್ನೊಬ್ಬರಿಗೆ ಕೊಟ್ಟೆ. ಬಲ್ಗೇರಿಯಾದವರು ತಲೆ ಅಡ್ಡ ಆಡಿಸಿದರೆ ಹೌದು ಅಂತ ಅರ್ಥ! ನಮ್ಮ ಮಂದಿ ಅಲ್ಲಿ ಬದುಕುತ್ತಾರೆ ಬಿಡು. ನಾವು ಹೌದಿಗೂ ಇಲ್ಲಕ್ಕೂ ಒಂದೇ ಥರ ಅಲ್ಲಾಡಿಸುತ್ತೇವಲ್ಲ.

ಆದರೆ ನಿನಗೆ ಹೇಳಬೇಕಾಗಿರುವುದು ಕಲ್ಲುಗಳ ಬಗ್ಗೆ. ಒಂದೇ ಸಾಲಿನಲ್ಲಿ ಮೂರು ಕಲ್ಲು. ಬಾಬಾಳ ಮುತ್ತಜ್ಜನ ಕಲ್ಲಿನ ಮೇಲೆ ಅಡ್ಡಹೆಸರು 'ಓವ್' ಅಂತ ಮುಗಿಯುತ್ತದೆ, ಪೆತ್ರೊವ್ ಅನ್ನುವ ಹಾಗೆ. ಅವನ ಮಗ ಸತ್ತದ್ದು ಊರು ಈ ಕಡೆ ಬಂದ ಮೇಲೆ. ಅವನ ಕಲ್ಲಿನ ಮೇಲೆ 'ಓವಿಚ್', ಪೆತ್ರೊವಿಚ್ ಅನ್ನುವ ಹಾಗೆ. ಬಾಬಾಳ ಅಪ್ಪನ ಕಲ್ಲಿನ ಮೇಲೆ ಮತ್ತೆ 'ಓವ್'. ಬಲ್ಗೇರಿಯಾದವರು ಬಂದಾಗ ಬಾಲ ಕತ್ತರಿಸಿದರು, ಸರ್ಬಿಯಾದವರು ಬಂದಾಗ ಬಾಲ ಅಂಟಿಸಿದರು. ಬಾಬಾ ಮೂರು ಕಲ್ಲಿನ ಮೇಲೂ ಅಷ್ಟಷ್ಟೇ ಗೋಧಿ ಹಾಕಿದಳು. ನಡುವಿನ ಕಲ್ಲಿನ 'ಇಚ್' ಮೇಲೆ ಪಾಚಿ ಕಟ್ಟಿತ್ತು. ಸೆರಗಿನಿಂದ, ಅಂದರೆ ಏಪ್ರನ್ನಿನಿಂದ, ತಿಕ್ಕಿ ಒರೆಸಿದಳು.

ಮೇಣದಬತ್ತಿ ಹಚ್ಚುವಾಗ ಇನ್ನೊಂದು ತಮಾಷೆ. ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡಿನ ಭಾಷೆಯಲ್ಲಿ ಮೇಣದಬತ್ತಿಗೆ 'ಸ್ವೆಚಾ', ಮೆತ್ತನೆಯ ಚ. ಸೋಫಿಯಾದಲ್ಲಿ 'ಸ್ವೆಷ್ತ್'. ಬಾಬಾ ಗಟ್ಟಿ ಚ ಹಾಕಿ 'ಸ್ವೆಚಾ' ಅನ್ನುತ್ತಾಳೆ. ಮರಾಠಿಯಲ್ಲಿ ಎರಡು ಚ ಇರುವ ಹಾಗೆ ಇಲ್ಲೂ ಎರಡು ಚ, ಕಿವಿಗೆ ಗೊತ್ತಾಗಲು ನನಗೆ ಎರಡು ವರ್ಷ ಬೇಕಾಯಿತು. ಹೊಲದ ಬದುವಿಗೂ ಹೀಗೇ. ಬೆಲ್‌ಗ್ರೇಡಿನವರು 'ಮೆಜ್ಯಾ', ಸೋಫಿಯಾದವರು 'ಮೆಝ್ದಾ', ಬಾಬಾ 'ಮೆಡ್ಜಾ'. ಎಲ್ಲೆ ಅನ್ನುವ ಶಬ್ದವೇ ಎಲ್ಲೆ ದಾಟುವಾಗ ಮೂರಾಗಿದೆ ನೋಡು.

ಎದುರು ಮನೆಯ ನಿವೃತ್ತ ಮಾಸ್ತರರಿಗೆ ಇದೆಲ್ಲ ಬಾಯಿಪಾಠ. ಬೆಲ್‌ಗ್ರೇಡಿನ ಭಾಷಾಪಂಡಿತ ಅಲೆಕ್ಸಾಂದರ್ ಬೆಲಿಚ್ 1905ರಲ್ಲಿ ಈ ಕಡೆಯ ಮಾತುಗಳ ಮೇಲೆ ದಪ್ಪ ಪುಸ್ತಕ ಬರೆದು, ಇದು ಸರ್ಬಿಯನ್ನೇ ಅಂದರಂತೆ. ಸೋಫಿಯಾದ ಸ್ತೆಫಾನ್ ಮ್ಲಾದೆನೊವ್, ಅಲ್ಲ, ಇದು ಬಲ್ಗೇರಿಯನ್ ಅಂದರಂತೆ. ತೊರ್ಲಾಕ್ ಮಾತು ಅಂತ ಇನ್ನೊಂದು ಹೆಸರೂ ಇದೆ. ಸರ್ಬಿಯನ್ನಿಗೆ ಏಳು ವಿಭಕ್ತಿ. ಬಲ್ಗೇರಿಯನ್ನಿನ ನಾಮಪದಗಳಲ್ಲಿ ವಿಭಕ್ತಿ ಉದುರಿಹೋಗಿವೆ, ಬಾಬಾಳ ಮಾತಿನಲ್ಲೂ ಹೆಚ್ಚುಕಡಿಮೆ ಉದುರಿವೆ. 'ಆ ಮನೆ' ಅನ್ನುವಾಗಿನ 'ಆ' ಅನ್ನುವಂಥದನ್ನು ಶಬ್ದದ ಹಿಂದೆ ಬಾಲದ ಹಾಗೆ ಅಂಟಿಸುವುದೂ ಇಬ್ಬರಲ್ಲೂ ಇದೆ. ಬೆಲ್‌ಗ್ರೇಡಿನಲ್ಲಿ ಅದಿಲ್ಲ. ನನಗೆ ಒಳ್ಳೆಯದೇ ಆಯಿತು, ವಿಭಕ್ತಿ ಇಲ್ಲದ ಮಾತು ಬೇಗ ಬಂತು. ಆದರೆ ಬೆಲ್‌ಗ್ರೇಡಿಗೆ ಟ್ರೇನಿಂಗಿಗೆ ಹೋದಾಗ ನಾನು ಬಾಯಿ ತೆಗೆದ ಕೂಡಲೇ ಎಲ್ಲರೂ ನಕ್ಕರು. 'ಇಂಡಿಯಾದವನು, ಪಿರೋತ್ ಅಜ್ಜಿ ಹಾಗೆ ಮಾತಾಡ್ತಾನೆ' ಅಂತ. ಗಡಿಯಾಚೆ ಇಂಥದೇ ಮಾತಾಡುವ ಹಳ್ಳಿಯವರನ್ನು ಶೋಪ್ ಅನ್ನುತ್ತಾರೆ, ಸೋಫಿಯಾದವರಿಗೆ ಅವರ ಮೇಲೆ ಜೋಕು ಹೇಳುವುದೇ ಕೆಲಸ. ನೆಲದ ಲೆಕ್ಕ ಬಂದಾಗ ಎರಡು ರಾಜಧಾನಿಗಳಿಗೂ ಇವರು ನಮ್ಮವರು. ಊಟಕ್ಕೆ ಕೂತಾಗ ಇಬ್ಬರಿಗೂ ಗೇಲಿ.

ಬಾಬಾಳನ್ನು ನಿನ್ನದು ಯಾವ ಭಾಷೆ ಅಂತ ಕೇಳಿದರೆ 'ಪೋ ನಾಶೆ' ಅನ್ನುತ್ತಾಳೆ. 'ನಮ್ಮದೇ ಥರ' ಅಂತ. 2022ರ ಜನಗಣತಿಗೆ ಬಂದ ಹುಡುಗಿಗೂ ಅದನ್ನೇ ಹೇಳಿದಳಂತೆ. ಆ ಹುಡುಗಿ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದಳಂತೆ. 2011ರಲ್ಲಿ ಸರ್ಬಿಯಾದಲ್ಲಿ ಬಲ್ಗೇರಿಯನ್ ಅಂತ ಬರೆಸಿದವರು 18,543, 2022ರಲ್ಲಿ 12,918. ಗಡಿ ಹಳ್ಳಿಗಳು ಖಾಲಿಯಾಗುತ್ತಿವೆ. ಮುದುಕರು, ಕೋಳಿ, ಬೀಗ ಹಾಕಿದ ಮನೆ.

ಈಗ ಬಾಬಾಳ ಮದುವೆ ಕಥೆ ಕೇಳು. ತ್ಸಾರಿಬ್ರೋದ್ ಹುಡುಗಿ, ಪಿರೋತ್ ಹುಡುಗ, ಮದುವೆ 1969ರಲ್ಲಿ. ಮಾವನ ಅಣ್ಣನನ್ನು 1917ರಲ್ಲಿ ಬಲ್ಗೇರಿಯಾದ ಸೈನಿಕರು ಹಿಡಿದುಕೊಂಡು ಹೋಗಿದ್ದರು, ಅವನು ವಾಪಸ್ ಬರಲಿಲ್ಲ. ಹಾಗಾಗಿ ಮಾವ ಮದುವೆಗೇ ಬರಲಿಲ್ಲ. ಇದು ಸುಮ್ನೆ ಹಟ ಅಂತ ನಾನು ಹೇಳುವುದಿಲ್ಲ. ಅತ್ತೆ ಹತ್ತು ವರ್ಷ ಅವಳನ್ನು ಹೆಸರು ಹಿಡಿದು ಕರೆಯಲಿಲ್ಲ, 'ಬುಗಾರ್ಕಾ' ಅನ್ನುತ್ತಿದ್ದಳು, ಬಲ್ಗೇರಿಯಾದವಳು ಅಂತ. ತವರಿಗೆ ಹೋದರೆ ಅಲ್ಲಿ 'ಸರ್ಬಿಯಾದವಳು ಬಂದಳು' ಅನ್ನುತ್ತಿದ್ದರಂತೆ. ತಮಾಷೆ ಏನು ಗೊತ್ತಾ? ಅತ್ತೆ ಸೊಸೆ ಜಗಳಕ್ಕೆ ನಿಂತರೆ ಇಬ್ಬರ ಬಾಯಲ್ಲೂ ಬರುತ್ತಿದ್ದ ಬೈಗುಳ ಅಕ್ಷರ ಅಕ್ಷರ ಒಂದೇ. ಬಾಬಾ ನನಗೆ ಎರಡು ಕಲಿಸಿದ್ದಾಳೆ, ಇಲ್ಲಿ ಬರೆಯುವುದಿಲ್ಲ.

ಗೋಡೆಗೆ ಅತ್ತೆ ನೇಯ್ದ ಕಿಲಿಮ್ ಹಾಕಿದ್ದಾಳೆ. ನಮ್ಮ ನವಲಗುಂದ ಜಮಖಾನದ ಹಾಗಿದೆ, ಎರಡೂ ಮೈ ಒಂದೇ. ಸೋಫಿಯಾದವರು ಬಂದಾಗಲೆಲ್ಲ ಇದು ನಮ್ಮ ಚಿಪ್ರೊವ್ತ್ಸಿ ಊರಿನ ಕೆಲಸ ಅನ್ನುತ್ತಾರೆ. ಆ ಊರಿನದಕ್ಕೆ 2014ರಲ್ಲಿ ಯುನೆಸ್ಕೋ ಮಾನ್ಯತೆ ಬೇರೆ ಸಿಕ್ಕಿದೆ. ಆಗ ಬಾಬಾ, ಹತ್ತು ವರ್ಷ ಬುಗಾರ್ಕಾ ಅನ್ನಿಸಿಕೊಂಡವಳು, ಅತ್ತೆಯ ಪರ ಎದ್ದು ನಿಲ್ಲುತ್ತಾಳೆ. 'ಇದು ಪಿರೋತ್‌ದು, ಈ ಕೋಣೆಯಲ್ಲೇ ನೇಯ್ದದ್ದು!'

ನಿನಗೆ ಸುಳ್ಳು ಸಮಾಧಾನ ಹೇಳುವುದಿಲ್ಲ ಅವ್ವಾ. ಬಾಬಾಳ ಮಗ ಜನಗಣತಿಯಲ್ಲಿ ಸರ್ಬ್ ಅಂತ ಬರೆಸಿದ. ಮಗಳು ತಾಯಿಯ ಮೂಲ ತೋರಿಸಿ ಬಲ್ಗೇರಿಯಾ ಪಾಸ್‌ಪೋರ್ಟ್ ತೆಗೆಸಿಕೊಂಡು ಜರ್ಮನಿಗೆ ಹೋದಳು. ಒಂದೇ ಹೊಟ್ಟೆಯ ಮಕ್ಕಳು. ಹಾಗೆ ಸವಿತಾಳ ಮಕ್ಕಳು ಮರಾಠಿ ಆಡಬಹುದು, ಆಜಿ ಅನ್ನಲೂಬಹುದು. ಅಂದರೆ ಏನಾಯಿತು? ನೀನು ಓಗೊಡುವುದಿಲ್ಲವಾ?

ಇನ್ನು ಕಾಕಾ. ಪ್ರತಿ ರಾಜ್ಯೋತ್ಸವಕ್ಕೂ ಮೈಕು ಹಿಡಿದು, 1967ರ ಮಹಾಜನ ವರದಿ ಅಕ್ಕಲಕೋಟೆ ನಮಗೆ ಕೊಡಬೇಕು ಅಂದಿದೆ, ಅಲ್ಲಿರುವವರೆಲ್ಲ ಅಪ್ಪಟ ಕನ್ನಡಿಗರು ಅಂತ ಭಾಷಣ ಮಾಡುವವರು ಅವರೇ ಅಲ್ವಾ? ಊರು ಬೇಕು ಅನ್ನುವಾಗ ಕನ್ನಡಿಗರು, ಹುಡುಗಿ ಕೊಡುವಾಗ ಮರಾಠಿ ಮಂದಿ. ಇದನ್ನು ನಾನು ಹೇಳಿದೆ ಅಂತ ಹೇಳಬೇಡ. ಅಪ್ಪ ಹೇಳಲಿ. ಅಥವಾ ಯಾರೂ ಹೇಳುವುದು ಬೇಡ, ಬದಲಿಗೆ ಒಂದು ಕೆಲಸ ಮಾಡು.

ಅಟ್ಟದ ಮೇಲಿನ ಹಸಿರು ಟ್ರಂಕು ಇಳಿಸು. ತಳದಲ್ಲಿ, ಕೆಂಪು ಬಟ್ಟೆಯಲ್ಲಿ ಸುತ್ತಿ ಅಜ್ಜನ ಮುಲ್ಕಿ ಸರ್ಟಿಫಿಕೇಟ್, ಆಗಿನ ಸಾಲಿ ಪರೀಕ್ಷೆಯದು, ಇದೆ. ಪಾಸ್‌ಪೋರ್ಟಿಗೆ ಕಾಗದ ಹುಡುಕುವಾಗ ನಾನೇ ನೋಡಿದ್ದೆ. ಬಿಜಾಪುರ ಮುಂಬೈ ಪ್ರಾಂತದಲ್ಲಿ ಇದ್ದಾಗಿನದು, 1938ರದು. ಅದರಲ್ಲಿ ಅಜ್ಜನ ಅಡ್ಡಹೆಸರು 'ಚಡಚಣಕರ್' ಅಂತ ಇದೆ. ಹೌದು, ಕರ್! ನಮ್ಮ ಬಾಲ ಯಾವಾಗ ಉದುರಿತು ಅಂತ ಅಪ್ಪನನ್ನು ಕೇಳು. 1956 ಆದ ಮೇಲೆ ಸಾಲಿಯಲ್ಲಿ ಮಾಸ್ತರರು ಬಿಟ್ಟುಬಿಟ್ಟರು ಅಂತ ಒಮ್ಮೆ ಹೇಳಿದ ನೆನಪು. ಕಾಕಾ ಚಹಾಕ್ಕೆ ಬಂದಾಗ ಅದನ್ನು ಟೇಬಲ್ ಮೇಲೆ ಇಡು. ಏನೂ ಮಾತಾಡಬೇಡ, ಸುಮ್ನೆ ಚಹಾ ಕೊಡು. ಮಡಿಕೆಯಲ್ಲಿ ಹರಿಯುತ್ತದೆ, ಜೋಪಾನ.

ನನ್ನ ಬಗ್ಗೆ ಏನೂ ಯೋಚನೆ ಬೇಡ. ಆರೋಗ್ಯ ಚೆನ್ನಾಗಿದೆ, ನಿದ್ದೆ ಚೆನ್ನಾಗಿದೆ, ಸ್ವೆಟರ್ ಎರಡಿವೆ, ಕೆಮ್ಮು ಹೋಯಿತು. ಇಲ್ಲಿ ಜಗಳ ಗಿಗಳ ಏನಿಲ್ಲ, ಮೇಲೆ ಬರೆದದ್ದೆಲ್ಲ ಹಳೇ ಕಥೆ. ಸೋಫಿಯಾ ಇಷ್ಟು ಹತ್ತಿರ ಇದ್ದರೂ ನೋಡಿಲ್ಲ, ನಮಗೆ ಆ ಕಡೆಗೆ ಬೇರೆ ವೀಸಾ ಬೇಕು. ಬೇಸರವೇನಿಲ್ಲ. ಅಪ್ಪನ ಶುಗರ್ ಮಾತ್ರೆ ತಪ್ಪಿಸಬೇಡ. ಐದನೇ ತಾರೀಕು ಹಣ ಹಾಕುತ್ತೇನೆ, ಅದರಲ್ಲಿ ಸವಿತಾಳ ಸೀರೆಗೂ ಸೇರಿಸಿದ್ದೇನೆ, ಅವಳಿಗೆ ಈಗಲೇ ಹೇಳಬೇಡ. ಗಿರಿಜಾ, ನೀನೂ ಹೇಳಬೇಡ.

ಕಂಪನಿ ಬಸ್ಸು ಹಾರ್ನ್ ಹೊಡೆಯುತ್ತಿದೆ. ಟ್ರಂಕಿನ ಕೀಲಿ ದೇವರ ಗೂಡಿನಲ್ಲಿದೆ.

ನಿನ್ನ ಮಗ,
ಮಲ್ಲು