ಪದಕದ ಅಂಚಿನಲ್ಲಿದ್ದ ಮಾತು: ಮಗಳಿಗೊಂದು ಪತ್ರ

ಬೆಂಗಳೂರು

ಚಿರಂಜೀವಿ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಮುಂದಿನ ವಾರ ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ, ಬ್ರಿಟನ್ನಿನ ಸರಕಾರಿ ದಾಖಲೆಗಳ ಸಂಗ್ರಹವಾದ ನ್ಯಾಷನಲ್ ಆರ್ಕೈವ್ಸ್‌ಗೆ ಹೋಗಲು ಬಿಡುವಾಗಿದೆ, ದಫೇದಾರ್ ತಾತನ ವಿಷಯದಲ್ಲಿ ಅಲ್ಲಿ ಏನನ್ನು ಹುಡುಕಲಿ ಎಂದು ನೀನು ಫೋನಿನಲ್ಲಿ ಕೇಳಿದಾಗ ನಾನು ಮಾತು ಹಾರಿಸಿದೆ. ನಿನ್ನ ಅಜ್ಜಿ ಪಕ್ಕದಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ದಫೇದಾರ್ ತಾತ ದಫೇದಾರರೇ ಆಗಿರಲಿಲ್ಲ ಎಂಬ ಮಾತನ್ನು ಅವರ ಕಿವಿಗೆ ಬೀಳುವ ಹಾಗೆ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ಹಾಗಾಗಿ ಈ ಕಾಗದ.

ನಮ್ಮ ಮನೆಯ ಕಥೆ ನಿನಗೆ ಬಾಯಿಪಾಠವಾಗಿದೆ. ನನ್ನ ಮುತ್ತಾತ, ಅಂದರೆ ದಫೇದಾರ್ ತಾತ, ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್‌ನಲ್ಲಿ ದಫೇದಾರರಾಗಿದ್ದರು (ಹವಾಲ್ದಾರನಿಗೆ ಸಮನಾದ ದರ್ಜೆ), ಮೊದಲ ಮಹಾಯುದ್ಧದಲ್ಲಿ ಈಗಿನ ಇಸ್ರೇಲಿನ ಹೈಫಾದಲ್ಲಿ ಈಟಿ ಹಿಡಿದು ತುರ್ಕರ ಫಿರಂಗಿಗಳ ಮೇಲೆ ಕುದುರೆ ನುಗ್ಗಿಸಿದರು, ಅದನ್ನು ಮೆಚ್ಚಿ ಮಹಾರಾಜರು ಎರಡು ಎಕರೆ ಜಮೀನು ಕೊಟ್ಟರು. ನನ್ನ ಮದುವೆಯ ಲಗ್ನಪತ್ರಿಕೆಯಲ್ಲೂ ಅವರ ಹೆಸರಿನ ಹಿಂದೆ ‘ದಫೇದಾರ್’ ಎಂದು ಅಚ್ಚಾಗಿದೆ. ಈ ಕಥೆಗೆ ಸಾಕ್ಷಿ ಎಂದಿದ್ದದ್ದು ಅಜ್ಜಿಯ ಟ್ರಂಕಿನಲ್ಲಿ ಎಲೆಅಡಿಕೆ ಚೀಲದೊಳಗಿದ್ದ ಒಂದು ಪದಕ ಮಾತ್ರ. ಹಳೆಯ ಬೆಳ್ಳಿ, ಕಪ್ಪಾಗಿದೆ ಎಂದು ನಂಬಿ ಪ್ರತಿ ಆಯುಧಪೂಜೆಗೂ ಅದನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದರು. ಎಷ್ಟು ಉಜ್ಜಿದರೂ ಅದು ಬೆಳ್ಳಗಾಗುತ್ತಿರಲಿಲ್ಲ, ಕೆಂಪಗಾಗುತ್ತಿತ್ತು. ಯಾರೂ ಯಾಕೆಂದು ಕೇಳಿರಲಿಲ್ಲ.

ಹೋದ ವರ್ಷ ಕನ್ನಡಕ ಬದಲಾದ ಮೇಲೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊದಲ ಬಾರಿ ನಿಧಾನವಾಗಿ ನೋಡಿದೆ. ಒಂದು ಮುಖದಲ್ಲಿ ಐದನೆಯ ಜಾರ್ಜ್ ದೊರೆಯ ತಲೆ. ಇನ್ನೊಂದು ಮುಖದಲ್ಲಿ 1914 ಮತ್ತು 1918 ಎಂಬ ಇಸವಿಗಳ ನಡುವೆ ಮೈಮೇಲೆ ಬಟ್ಟೆಯಿಲ್ಲದ ಸವಾರನೊಬ್ಬ, ಅವನ ಕುದುರೆಯ ಕಾಲಡಿಯಲ್ಲಿ ಹದ್ದಿನ ಚಿತ್ರದ ಗುರಾಣಿ ಮತ್ತು ತಲೆಬುರುಡೆ. ಇದು ಆ ಯುದ್ಧಕ್ಕಾಗಿ ಬ್ರಿಟಿಷ್ ಸರಕಾರ ಲಕ್ಷಗಟ್ಟಲೆ ಜನರಿಗೆ ಕೊಟ್ಟ ಪದಕ. ಆಗಿನ ಪದಕಗಳ ದಪ್ಪ ಅಂಚಿನಲ್ಲಿ ಪಡೆದವನ ಸಂಖ್ಯೆ, ದರ್ಜೆ, ಹೆಸರು, ಪಡೆ ಎಲ್ಲವನ್ನೂ ಅಚ್ಚೊತ್ತುತ್ತಿದ್ದರು ಎಂದು ಓದಿದ್ದೆನಾದ್ದರಿಂದ ಬಲ್ಬಿನ ಕೆಳಗೆ ಅದನ್ನು ತಿರುಗಿಸುತ್ತಾ ಹೋದೆ. ಹುಣಸೆಹಣ್ಣಿನ ಸೇವೆಯಿಂದ ಅಕ್ಷರಗಳು ಅರ್ಧ ಸವೆದಿದ್ದವು. ಕಾಗದವನ್ನು ಅಂಚಿಗೆ ಸುತ್ತಿ ಪೆನ್ಸಿಲಿನಿಂದ ಮೆಲ್ಲಗೆ ತೀಡಿದಾಗ ತಾತನ ಹೆಸರೂ ಮೈಸೂರು ಲ್ಯಾನ್ಸರ್ಸ್ ಎಂಬುದೂ ಮೂಡಿದವು. ಹೆಸರಿನ ಹಿಂದೆ ದಫೇದಾರ್ ಎಂದಿರಲಿಲ್ಲ, ಸವಾರ್ ಎಂದೂ ಇರಲಿಲ್ಲ. ‘ಸೈಸ್’ ಎಂದು ನಾಲ್ಕು ಇಂಗ್ಲಿಷ್ ಅಕ್ಷರಗಳಿದ್ದವು. ಸೈಸ್ ಅಂದರೆ ಲಾಯದಲ್ಲಿ ಕುದುರೆಗೆ ಹುಲ್ಲು ನೀರು ನೋಡಿಕೊಳ್ಳುವವನು, ಮೈ ಉಜ್ಜುವವನು, ನಮ್ಮ ಕಡೆಯ ಮಾತಿನಲ್ಲಿ ಕಾಸ್ತಾರ.

ಪದಕ ಕೆಂಪಗಾಗುತ್ತಿದ್ದದ್ದೇಕೆ ಎಂಬುದೂ ಆಗ ತಿಳಿಯಿತು. ಹೋರಾಡುವವರಿಗೆ ಕೊಟ್ಟದ್ದು ಬೆಳ್ಳಿಯದು. ಅದೇ ಅಚ್ಚಿನಲ್ಲಿ ಕಂಚಿನ ಪದಕವನ್ನೂ ಹೊಯ್ದರು. ಅದು ಚೀನಾ, ಮಾಲ್ಟಾ, ಭಾರತ ಮುಂತಾದ ಕಡೆಗಳಿಂದ ಹೋದ ಕೂಲಿಗಳಿಗೆ ಮತ್ತು ಪಡೆಯ ಹಿಂದೆ ನಡೆದ ಕೆಲಸಗಾರರಿಗೆ; ಇಂಥವು ಸುಮಾರು 1,10,000. ಒಂದೇ ಯುದ್ಧಕ್ಕೆ ಎರಡು ಲೋಹ. ನಮ್ಮೂರಿನಲ್ಲಿ ಎರಡು ಲೋಟ ಇಡುತ್ತಿದ್ದವರ ಬುದ್ಧಿ ಲಂಡನ್ನಿನಲ್ಲೂ ಇತ್ತು ಎಂದು ನನಗೆ ಆ ರಾತ್ರಿ ಸ್ವಲ್ಪ ಸಿಟ್ಟೇ ಬಂದಿತು.

ಮಾರನೆಯ ಭಾನುವಾರ ಜೆ.ಸಿ. ನಗರದ ಮುನಿರೆಡ್ಡಿಪಾಳ್ಯದಲ್ಲಿರುವ ಲ್ಯಾನ್ಸರ್ಸ್ ಸ್ಮಾರಕಕ್ಕೆ ಹೋಗಿಬಂದೆ. ಆ ಕಲ್ಲಿನ ಮೇಲಿರುವುದು ಮಡಿದವರ ಹೆಸರುಗಳು, ತಾತ ಬದುಕಿ ಬಂದವರು. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯೂ ಹಾಗೆಯೇ, ಸತ್ತವರದ್ದು. ಆದರೆ ಅದರಲ್ಲಿ ಸೈಸ್‌ಗಳನ್ನೂ ಸೇರಿಸಿದ್ದಾರೆ ಎಂಬುದು ನನಗೊಂದು ಸಮಾಧಾನ. ಪಂಜಾಬಿನವರದು ಪುಣ್ಯ, ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಉಳಿದಿದ್ದ ಊರುವಾರು ರಿಜಿಸ್ಟರುಗಳಿಂದ ಸುಮಾರು 3,20,000 ಸೈನಿಕರ ವಿವರಗಳು ಈಚೆಗೆ ಹೊರಬಂದಿವೆ. ನಮ್ಮಂಥವರು ಮನೆಯ ಟ್ರಂಕನ್ನೇ ನೆಚ್ಚಬೇಕು.

ಟ್ರಂಕು ಕೈಬಿಡಲಿಲ್ಲ. ಅದರ ತಳದಲ್ಲಿ ಜಮೀನಿನ ಮೂಲ ಕ್ರಯಪತ್ರ ಸಿಕ್ಕಿತು. ಮಹಾರಾಜರು ಕೊಟ್ಟರೆಂದು ನಾವು ಹೇಳಿಕೊಂಡು ಬಂದ ಮಾಗಡಿ ಕಡೆಯ ಎರಡು ಎಕರೆಯನ್ನು ತಾತ ಯುದ್ಧದಿಂದ ಬಂದ ಎರಡನೆಯ ವರ್ಷ ರೊಕ್ಕ ಎಣಿಸಿ ಕೊಂಡಿದ್ದರು. ಪತ್ರ ಬರೆದವನು ಕೊಳ್ಳುವವರ ಕಸುಬನ್ನು ಮರೆಮಾಚದೆ, ರಸಾಲೆಯಲ್ಲಿ (ಕುದುರೆ ಪಡೆಯಲ್ಲಿ) ಕಾಸ್ತಾರ ಎಂದು ದುಂಡು ಅಕ್ಷರದಲ್ಲಿ ಬರೆದಿದ್ದಾನೆ. ಅದರ ಕೆಳಗೆ ಹೆಬ್ಬೆಟ್ಟಿನ ಗುರುತು. ಮಸಿ ಹೆಚ್ಚಾಗಿ ಒಂದು ಕಡೆ ಹರಡಿದೆ, ಆದರೆ ಬೆರಳಿನ ನಡುವೆ ಅಡ್ಡಲಾಗಿ ಹೋದ ಒಂದು ಗಾಯದ ಗೆರೆ ಮಾತ್ರ ಬೆಳ್ಳಗೆ ಸ್ಪಷ್ಟವಾಗಿ ಉಳಿದಿದೆ. ಹಗ್ಗ ಕೊಯ್ದದ್ದೋ ಕುದುರೆ ಕಚ್ಚಿದ್ದೋ ಎಂದು ನಾನು ತುಂಬ ಹೊತ್ತು ನೋಡುತ್ತಾ ಕುಳಿತಿದ್ದೆ. ಅವರ ಫೋಟೊ ಒಂದೂ ನಮ್ಮಲ್ಲಿಲ್ಲ. ಮುಖ ಎಂದರೆ ಈಗ ನನಗೆ ಆ ಹೆಬ್ಬೆಟ್ಟೇ.

ಕಾಸ್ತಾರ ದಫೇದಾರನಾದದ್ದು ಹೇಗೆ ಎಂಬುದಕ್ಕೆ ನನ್ನದೊಂದು ಊಹೆಯಿದೆ. ಆ ಕಾಲದಲ್ಲಿ ದಫೇದಾರನ ಮಗ ಎಂದರೆ ಶಾಲೆಯಲ್ಲಿ ಬೆಂಚು, ಕಾಸ್ತಾರನ ಮಗ ಎಂದರೆ ಜಗಲಿಯ ಕೆಳಗೆ. ಅವರ ಮಗ, ಅಂದರೆ ನನ್ನ ತಾತ, ಓದಿ ಗುಮಾಸ್ತರಾದವರು, ಒಂದು ಪದವನ್ನು ಬದಲಿಸಿ ಬದುಕನ್ನು ಸ್ವಲ್ಪ ಸಲೀಸು ಮಾಡಿಕೊಂಡಿರಬೇಕು. ಅವರನ್ನು ಸುಳ್ಳುಗಾರ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಇದಾದ ಮೇಲೆ ಅದೇ ಹೈಫಾದ ಕಥೆಯನ್ನು ಮತ್ತೆ ಓದಿದಾಗ ಬೇರೆಯೇ ಕಾಣತೊಡಗಿತು. 1914ರ ಕೊನೆಗೆ ಹಡಗಿನಲ್ಲಿ ಈಜಿಪ್ಟಿಗೆ ಹೋದ ಈ ಪಡೆ ಮೊದಲು ಸೂಯೆಜ್ ಕಾಲುವೆಯ ಕಾವಲಿನಲ್ಲಿತ್ತು. ಆಮೇಲೆ ಸೈನಾಯಿಯ ಮರಳು, ಗಾಜಾ, ಧೂಳು ಮತ್ತು ಮಲೇರಿಯಾದ ಜೋರ್ಡಾನ್ ಕಣಿವೆ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಮೈಸೂರಿನವರು ಕಾರ್ಮೆಲ್ ಬೆಟ್ಟದ ಫಿರಂಗಿಗಳ ಕಡೆ ಹತ್ತಿದರು, ಜೋಧಪುರದವರು ಊರಿನೊಳಕ್ಕೆ ನುಗ್ಗಿದರು, ಅವರ ಮೇಜರ್ ದಲಪತ್ ಸಿಂಗ್ ಮಡಿದರು. ಆ ದಿನ ಸತ್ತವರು ಎಂಟು ಮಂದಿ, ಗಾಯಗೊಂಡವರು 34 ಎಂಬ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ. ಅದೇ ಸಾಲಿನ ಕೊನೆಯಲ್ಲಿರುವ ಇನ್ನೊಂದು ಲೆಕ್ಕದ ಮೇಲೆ ನನ್ನ ಕಣ್ಣು ಈ ಮೊದಲು ನಿಂತಿರಲಿಲ್ಲ: 60 ಕುದುರೆಗಳು ಸತ್ತವು, 83 ಗಾಯಗೊಂಡವು. ಸಂಜೆಯಾದ ಮೇಲೆ ಆ 83ರ ಬಳಿ ನೀರು, ಬಟ್ಟೆ ಹಿಡಿದು ನಿಂತವರು ಯಾರು? ನಮ್ಮ ಮನೆಯ ಕಥೆ ಆ ಹೊತ್ತಿನಿಂದ ಶುರುವಾಗಬೇಕಿತ್ತು. ದೆಹಲಿಯ ತೀನ್ ಮೂರ್ತಿ ಚೌಕದಲ್ಲಿ ಮೈಸೂರು, ಜೋಧಪುರ, ಹೈದರಾಬಾದ್ ಪಡೆಗಳ ನೆನಪಿಗೆಂದು 1922ರಲ್ಲಿ ನಿಲ್ಲಿಸಿದ ಮೂರು ವಿಗ್ರಹಗಳನ್ನು ನಿನಗೆ ತೋರಿಸಿದ್ದೆನಲ್ಲ. ಮೂವರೂ ಅಶ್ವದಳದವರು, ಆದರೆ ಅಲ್ಲಿ ಒಂದು ಕುದುರೆಯೂ ಇಲ್ಲ.

ಈಗ ನಿನ್ನ ಕೆಲಸ. ಆರ್ಕೈವ್ಸ್‌ನಲ್ಲಿ ಮೂಲ ದಾಖಲೆ ನೋಡಲು ರೀಡರ್ಸ್ ಟಿಕೆಟ್ ಮಾಡಿಸಿಕೊಳ್ಳಬೇಕು. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಇಟ್ಟುಕೋ. ಡಬ್ಲ್ಯು.ಓ. 95 ಎಂಬ ವಿಭಾಗದಲ್ಲಿ ಪಡೆಗಳ ಯುದ್ಧ ದಿನಚರಿಗಳಿವೆ. ಮೈಸೂರು ಲ್ಯಾನ್ಸರ್ಸ್ ಎಂದು ಸಿಗದಿದ್ದರೆ ಅದು ಸೇರಿದ್ದ 15ನೆಯ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್ ಎಂದು ಹುಡುಕು. ಇಂಥ ದಿನಚರಿಯಲ್ಲಿ ಸೈಸ್ ಒಬ್ಬನ ಹೆಸರು ಸಿಗುತ್ತದೆ ಎಂಬ ಆಸೆ ಇಟ್ಟುಕೊಳ್ಳಬೇಡ; ಕುದುರೆಗಳ ಲೆಕ್ಕ, ನೀರು ಮೇವಿನ ಮಾತು ಇರುವ ಪುಟಗಳ ಫೋಟೊ ತೆಗೆದು ಕಳಿಸು. ಮುಖ್ಯವಾಗಿ 1918ರ ಮೂರು ದಿನಗಳು ಬೇಕು: ಜೋರ್ಡಾನ್ ಕಣಿವೆಯ ಹೊಡೆದಾಟದ ಜುಲೈ 14, ಹೈಫಾದ ಸೆಪ್ಟೆಂಬರ್ 23, ಅಲೆಪ್ಪೊ ಬಳಿಯ ಹರಿತಾನ್‌ನಲ್ಲಿ ಕೊನೆಯ ಬಾರಿ ನುಗ್ಗಿದ ಅಕ್ಟೋಬರ್ 26. ತಾತನ ಹೆಸರನ್ನು ಎಲ್ಲಾದರೂ ಹುಡುಕುವುದಾದರೆ ನಾವು ಬರೆಯುವ ಸ್ಪೆಲ್ಲಿಂಗಿನಲ್ಲಿ ಹುಡುಕಬೇಡ. ಪದಕದ ಅಂಚಿನಲ್ಲಿ ಕೊನೆಯ ‘ಅಪ್ಪ’ದ ಒಂದು ಅಕ್ಷರ ಕಡಿಮೆಯಿದೆ. ಪೆನ್ಸಿಲ್ ತೀಡಿದ ಕಾಗದವನ್ನು ಇದರ ಜೊತೆಗೇ ಇಟ್ಟಿದ್ದೇನೆ, ಮಡಿಸಬೇಡ.

ಪದಕವನ್ನು ನನ್ನ ಬೀರುವಿಗೆ ಸಾಗಿಸಿದ್ದೇನೆ. ಅಜ್ಜಿ ಈಗಾಗಲೇ ಎರಡು ಸಲ ಕೇಳಿದರು, ಆಯುಧಪೂಜೆಗೆ ಇನ್ನು ಮೂರು ವಾರವಿದೆ. ಅಷ್ಟರೊಳಗೆ ನೀನು ಪುಟಗಳನ್ನು ಕಳಿಸಿದರೆ ಅವರ ಎದುರು ಕೂತು ಓದಿ ಹೇಳಲು ನನಗೊಂದು ಆಧಾರವಾಗುತ್ತದೆ.

ಇಂತಿ,
ನಿನ್ನ ಅಪ್ಪ