ಮಕ್ಕಳ ಕೈಗೆ ಕೊಡುವ ಹಳೆ ಕಾರು

ಡೊಂಬಿವಲಿ

ಚಿ. ಮಂಜುವಿಗೆ ಅತ್ತೆಯ ಆಶೀರ್ವಾದಗಳು.

ಮಕ್ಕಳಿಗೆ ಯಾವ ಹಳೆ ಕಾರು ತಗೊಳ್ಳಲಿ ಅಂತ ಫೋನಿನಲ್ಲಿ ನೀನು ಕೇಳಿದಾಗ ಅರ್ಧ ಮಾತ್ರ ಹೇಳಿದ್ದೆ. ಉಳಿದದ್ದನ್ನು ಬರೆದು ಕಳಿಸುತ್ತಿದ್ದೇನೆ. ಕಾರು ನೋಡಲು ಹೋಗುವಾಗ ಇದನ್ನು ಜೇಬಿನಲ್ಲಿಟ್ಟುಕೋ.

ಲಕ್ಷ ಕಿಲೋಮೀಟರ್ ಓಡಿದ ಗಾಡಿ ಮಕ್ಕಳಿಗೆ ಬೇಡ ಅಂತ ಸುಮಾ ಹೇಳುತ್ತಾಳಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಎಷ್ಟು ಓಡಿದೆ ಅನ್ನುವುದಕ್ಕೆ ಹೆದರಬೇಡ. ಏರ್‌ಬ್ಯಾಗು, ಬ್ರೇಕು, ಟೈರು ಸರಿ ಇಲ್ಲದಿದ್ದರೆ ಹೆದರು. ಬೆಲೆ ಕಮ್ಮಿ ಮಾಡಿಕೊಳ್ಳಬೇಕಾದರೆ ಜಾಸ್ತಿ ಓಡಿದ ಕಾರು ತಗೊಂಡು ಕಮ್ಮಿ ಮಾಡಿಕೋ. ಏರ್‌ಬ್ಯಾಗ್ ಇಲ್ಲದ ಕಾರು ತಗೊಂಡು ಉಳಿಸಬೇಡ.

ಅಮೆರಿಕದಲ್ಲಿರುವ ನಿನ್ನ ತಮ್ಮ ಹಳೆ ವೋಲ್ವೋ ಅಥವಾ ಸುಬಾರು ಸ್ಟೇಷನ್ ವ್ಯಾಗನ್, ಅಂದರೆ ಡಿಕ್ಕಿಯ ಮೇಲೂ ಮಾಡು ಚಾಚಿದ ಉದ್ದನೆ ಕಾರು, ನೋಡು ಅಂದನಂತೆ. ಅಲ್ಲಿಗೆ ಅದು ಸರಿಯಾದ ಮಾತು. ಅಲ್ಲಿ ಐಐಎಚ್‌ಎಸ್ ಅಂತ ಒಂದು ಸಂಸ್ಥೆ ಇದೆ, ವಿಮಾ ಕಂಪನಿಗಳ ದುಡ್ಡಿನಲ್ಲೇ ನಡೆಯುವಂಥದ್ದು. ಹೊಸದಾಗಿ ಓಡಿಸುವ ಹುಡುಗರಿಗೆ ಜಾಸ್ತಿ ಹಾರ್ಸ್‌ಪವರ್ ಬೇಡ, ತೀರಾ ಚಿಕ್ಕ ಹಗುರ ಕಾರು ಬೇಡ, ಇಎಸ್‌ಸಿ ಇರಲೇಬೇಕು ಅಂತ ಅದು ಹೇಳುತ್ತದೆ. ಗಾಡಿ ಜಾರಿದಾಗ ಬೇಕಾದ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ದಾರಿಗೆ ತರುವುದೇ ಇಎಸ್‌ಸಿ. ನಮ್ಮಲ್ಲಿ ಇಎಸ್‌ಪಿ ಅಂತಲೂ ಕರೆಯುತ್ತಾರೆ. ಅಲ್ಲಿ 2012ರ ಮಾಡೆಲ್‌ನಿಂದ ಎಲ್ಲ ಕಾರಿಗೂ ಅದು ಕಡ್ಡಾಯ. ಜೊತೆಗೆ ವ್ಯಾಗನ್ ಅಂದರೆ ನೆಲಕ್ಕೆ ಹತ್ತಿರ, ತೂಕ ಚೆನ್ನಾಗಿರುತ್ತದೆ, ಸಂಸಾರಸ್ಥರು ಓಡಿಸಿದ್ದಾಗಿರುತ್ತದೆ.

ನಮ್ಮ ದೇಶದಲ್ಲಿ ವ್ಯಾಗನ್ ನಿಲ್ಲಲೇ ಇಲ್ಲ. ಟಾಟಾ ಎಸ್ಟೇಟ್ ಬಂತು, ಬಲೆನೊ ಆಲ್ಟುರಾ ಬಂತು, ಇಂಡಿಗೊ ಮರೀನಾ ಬಂತು. ಯಾವುದೂ ಉಳಿಯಲಿಲ್ಲ. ಈಗ ಎಲ್ಲೋ ಒಂದು ಮರೀನಾ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡ. ಬಿಡಿಭಾಗಕ್ಕೆ ಅಲೆಯಬೇಕು, 15 ವರ್ಷ ದಾಟಿದ್ದರೆ ಆರ್‌ಟಿಒದಲ್ಲಿ ಮರುನೋಂದಣಿ ಮಾಡಿಸಬೇಕು, ಗ್ರೀನ್ ಟ್ಯಾಕ್ಸ್ ಕಟ್ಟಬೇಕು. ಇಷ್ಟೆಲ್ಲ ಮಾಡಿಯೂ ಮಕ್ಕಳ ಎದೆಯ ಮುಂದೆ ಏರ್‌ಬ್ಯಾಗ್ ಇರುತ್ತದೆ ಅನ್ನುವ ಖಾತ್ರಿ ಇಲ್ಲ.

ಆದ್ದರಿಂದ ವ್ಯಾಗನ್ ಗುಣ ಇರುವ ಬೇರೆ ಕಾರು ನೋಡು. ನನ್ನ ಮೊದಲ ಆಯ್ಕೆ ಹೋಂಡಾ ಜಾಜ್ ಪೆಟ್ರೋಲ್. ಹಿಂದಿನ ಸೀಟು ಮಡಚಿದರೆ ಒಳಗೆ ಬೇಕಾದಷ್ಟು ಜಾಗ, ಎಂಜಿನ್ ಸಾಧು, 2022ರಲ್ಲಿ ಗ್ಲೋಬಲ್ ಎನ್‌ಸಿಎಪಿ ಸಂಸ್ಥೆಯ ಅಪಘಾತ ಸುರಕ್ಷತಾ ಪರೀಕ್ಷೆಯಲ್ಲಿ ಐದಕ್ಕೆ ನಾಲ್ಕು ಸ್ಟಾರ್ ಬಂದಿತ್ತು. ಆದರೆ ಎಲ್ಲ ವೇರಿಯಂಟೂ ಒಂದೇ ಅಲ್ಲ, ಎರಡು ಏರ್‌ಬ್ಯಾಗ್ ಇರುವುದನ್ನು ಕಣ್ಣಾರೆ ನೋಡಿಕೋ. ಎರಡನೆಯದು 2018ರ ಕೊನೆಗೆ ಬಂದ ಹೊಸ ರೂಪದ ಎರ್ಟಿಗಾ ಪೆಟ್ರೋಲ್. ಅದು ಬಾಳಿಕೆ ಬರುವ ಗಾಡಿ, ಬಿಡಿಭಾಗ ಎಲ್ಲಿ ಬೇಕಾದರೂ ಸಿಗುತ್ತೆ. ನನಗೆ ಅದರ ಏಳು ಸೀಟಿನದೇ ಚಿಂತೆ. ವಯಸ್ಸಿನ ಹುಡುಗಿ ಓಡಿಸುವಾಗ ಕಾರಿನ ತುಂಬ ಗೆಳೆಯರು ಕೂತರೆ ಅಪಾಯ ಜಾಸ್ತಿ. ಅದನ್ನೇ ತಗೊಂಡರೆ ಕೊನೆಯ ಸಾಲು ಮಡಚಿಯೇ ಇರಲಿ, ಸಾಮಾನಿಡುವ ಡಿಕ್ಕಿಯ ಥರ.

ಯಾವುದನ್ನೇ ತಗೊಂಡರೂ 2019ರ ಜುಲೈ ನಂತರ ತಯಾರಾದದ್ದು ಸಿಕ್ಕರೆ ಒಳ್ಳೆಯದು. ಅಷ್ಟರಲ್ಲಿ ಬ್ರೇಕ್ ಒತ್ತಿದಾಗ ಚಕ್ರ ಕಟ್ಟಿಕೊಳ್ಳದಂತೆ ತಡೆಯುವ ಎಬಿಎಸ್, ಡ್ರೈವರ್ ಏರ್‌ಬ್ಯಾಗ್, ಸೀಟ್‌ಬೆಲ್ಟ್ ಹಾಕದಿದ್ದರೆ ಕೂಗುವ ಬೀಪ್, ವೇಗ ಜಾಸ್ತಿಯಾದರೆ ಎಚ್ಚರಿಸುವ ಸದ್ದು ಎಲ್ಲವೂ ಕಡ್ಡಾಯ ಆಗಿದ್ದವು. ಡೀಸೆಲ್ ಬೇಡ. ಮಗಳು ಶ್ರೇಯಾ ಪುಣೆಯೊಳಗೇ ಕೋಥ್ರುಡ್‌ನಿಂದ ಡೆಕ್ಕನ್‌ಗೆ ಹೋಗಿ ಬರುವವಳು. ಇಷ್ಟು ಚಿಕ್ಕ ಓಡಾಟಕ್ಕೆ ಬಿಎಸ್6 ಅನ್ನುವ ಹೊಸ ಹೊಗೆ ನಿಯಮದ ಡೀಸೆಲ್ ಗಾಡಿಯ ಹೊಗೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಈಗ ಮೀಟರಿನ ವಿಷಯ. ಐದಾರು ವರ್ಷದಲ್ಲಿ ಲಕ್ಷ ಓಡಿದ ಕಾರು ನನಗೆ ಇಷ್ಟ. ಅದು ಹೆಚ್ಚಾಗಿ ಹೈವೇಯಲ್ಲಿ ಒಂದೇ ಗೇರಿನಲ್ಲಿ ಓಡಿರುತ್ತದೆ, ಕ್ಲಚ್ಚು ಬ್ರೇಕು ಅಷ್ಟು ಸವೆದಿರುವುದಿಲ್ಲ. ಹತ್ತು ವರ್ಷದಲ್ಲಿ ಇಪ್ಪತ್ತೆಂಟು ಸಾವಿರ ಅಂತ ತೋರಿಸಿದರೆ ಅನುಮಾನ ಪಡು. ಮೀಟರ್ ಹಿಂದಕ್ಕೆ ತಿರುಗಿಸುವುದು ದೊಡ್ಡ ವಿದ್ಯೆಯೇನಲ್ಲ. ಆದರೆ ಪೆಡಲ್ ರಬ್ಬರಿನ ಸವೆತ, ಸ್ಟಿಯರಿಂಗ್ ಹೊಳಪು, ಡ್ರೈವರ್ ಸೀಟಿನ ಅಂಚು ಸುಳ್ಳು ಹೇಳುವುದಿಲ್ಲ. ಕಂಪನಿ ಸರ್ವಿಸ್ ಸೆಂಟರಿನ ಪೂರ್ತಿ ದಾಖಲೆ ಕೇಳು. ಪ್ರತಿ ಸಲದ ಕಿಲೋಮೀಟರ್ ಅದರಲ್ಲಿ ಬರೆದಿರುತ್ತದೆ. ದಾಖಲೆ ಇಲ್ಲ ಅಂದರೆ ಮುಂದಿನ ಕಾರಿಗೆ ಹೋಗು. ಜಾಜ್, ಎರ್ಟಿಗಾ ಪೆಟ್ರೋಲ್‌ಗಳಲ್ಲಿ ಎಂಜಿನ್ನಿನ ಒಳಭಾಗಗಳನ್ನು ಒಂದೇ ತಾಳದಲ್ಲಿ ಓಡಿಸುವ ಟೈಮಿಂಗ್ ಚೈನ್ ಇದೆ. ಬೆಲ್ಟ್ ಇರುವ ಬೇರೆ ಗಾಡಿ ನೋಡಿದರೆ, ಬೆಲ್ಟ್ ಬದಲಿಸಿದ ಬಿಲ್ ಇಲ್ಲದೆ ತಗೋಬೇಡ. ಅದು ಕಿತ್ತರೆ ಎಂಜಿನ್ನೇ ಹೋಗುತ್ತದೆ.

ನಾನು ಅತಿ ಹೆಚ್ಚು ಹೆದರುವುದು ನೀರಿನಲ್ಲಿ ಮುಳುಗಿದ ಕಾರಿಗೆ. ವಿಮಾ ಕ್ಲೇಮ್ ವಿಭಾಗದಲ್ಲಿ ಕೆಲಸ ಮಾಡಿದವಳು ನಾನು. ಟೋಟಲ್ ಲಾಸ್, ಅಂದರೆ ರಿಪೇರಿ ಮಾಡಿಸಿ ಪ್ರಯೋಜನವಿಲ್ಲ, ಅಂತ ಬರೆದ ಗಾಡಿಯೆಲ್ಲ ಗುಜರಿಗೇ ಹೋಗುತ್ತದೆ ಅಂದುಕೊಳ್ಳಬೇಡ. ಹರಾಜಾಗಿ, ತೊಳೆದು, ಒಣಗಿಸಿ, ಸೆಂಟ್ ಹೊಡೆದು ಮತ್ತೆ ಮಾರಾಟಕ್ಕೆ ಬರುತ್ತದೆ. ನಮ್ಮ ಸುತ್ತಮುತ್ತಲೇ ನೋಡು. 2019ರ ಆಗಸ್ಟ್‌ನಲ್ಲಿ ಕೊಲ್ಹಾಪುರ, ಸಾಂಗ್ಲಿ ಮುಳುಗಿದವು. ಮರುತಿಂಗಳೇ ನಿಮ್ಮ ಪುಣೆಯಲ್ಲಿ ಆಂಬಿಲ್ ಓಢಾ ಹಳ್ಳ ಉಕ್ಕಿತು. 2021ರ ಜುಲೈನಲ್ಲಿ ಚಿಪ್ಳೂಣ, 2024ರ ಜುಲೈನಲ್ಲಿ ಪುಣೆಯದೇ ಸಿಂಹಗಡ ರಸ್ತೆ. ಕೊಲ್ಹಾಪುರದ ಎಂಎಚ್ 09, ಸಾಂಗ್ಲಿಯ ಎಂಎಚ್ 10 ನಂಬರ್ ಅಂತ ಒಳ್ಳೆ ಕಾರನ್ನೇ ಬಿಡು ಅನ್ನುತ್ತಿಲ್ಲ. ಆದರೆ ಪರೀಕ್ಷೆ ಬಿಡಬೇಡ. ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆ. ಬುಡದಲ್ಲಿ ಕೆಸರಿನ ಗೆರೆ ಇದ್ದರೆ ಅಲ್ಲೇ ವ್ಯಾಪಾರ ಮುಗಿಸು. ಸ್ಟೆಪ್ನಿ ಇಡುವ ಗುಂಡಿಯಲ್ಲಿ ತುಕ್ಕು ಇದೆಯಾ, ಕಾರ್ಪೆಟ್ ಎತ್ತಿದರೆ ಮುಗ್ಗಲು ವಾಸನೆ ಬರುತ್ತದಾ ನೋಡು. ಕೀಲಿ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹತ್ತಿ ಆರಬೇಕು. ಹತ್ತಲೇ ಇಲ್ಲ ಅಂದರೆ ಯಾರೋ ಅದನ್ನು ಮುಚ್ಚಿಟ್ಟಿರಬಹುದು. ನೀರು ಕುಡಿದ ವೈರಿಂಗ್ ಇರುವ ಕಾರಿನಲ್ಲಿ ಏರ್‌ಬ್ಯಾಗ್ ಬೇಕಾದಾಗ ಬಿಚ್ಚುತ್ತದೆ ಅಂತ ನಂಬುವುದು ಹೇಗೆ? ಗೋವಾದಿಂದಲೋ ಮುಂಬೈ ಸಮುದ್ರದ ಬದಿಯಿಂದಲೋ ಬಂದ ಕಾರಾದರೆ ತಳಭಾಗದ ತುಕ್ಕನ್ನು ಲಿಫ್ಟ್ ಮೇಲೆ ಏರಿಸಿ ನೋಡಿಸು.

ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬೆಳ್ಳನೆ ದಟ್ಟ ಹೊಗೆ ನಿಲ್ಲದೇ ಬಂದರೆ ಎಂಜಿನ್ ತಂಪು ಮಾಡುವ ಕೂಲಂಟ್ ಒಳಗೆ ಸೇರುತ್ತಿದೆ. ನಿನ್ನ ಮೆಕ್ಯಾನಿಕ್ ಜೊತೆಗಿರಲಿ, ಮಾರುವವನ ಮೆಕ್ಯಾನಿಕ್ ಬೇಡ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದ್ದು. ಅಷ್ಟು ಹಳೆಯದನ್ನು, ರಸ್ತೆ ಹಿಡಿಯುವ ಗೀರು ಸವೆಯದೆ ಉಳಿದಿದ್ದರೂ, ಇಟ್ಟುಕೊಳ್ಳಬೇಡ. ನಾಲ್ಕೂ ಹೊಸ ಟೈರು, ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್, ಇಷ್ಟಕ್ಕೆ ಮೊದಲೇ ದುಡ್ಡು ತೆಗೆದಿಡು. ಕಾತ್ರಜ್ ಸುರಂಗ ದಾಟಿ ನವಲೆ ಸೇತುವೆಗೆ ಇಳಿಯುವ ಜಾಗ ನಿನಗೆ ಗೊತ್ತಲ್ವಾ? ಅಲ್ಲಿ ಬ್ರೇಕ್ ಹಿಡಿಯದ ಲಾರಿಗಳಿಂದ ಎಷ್ಟು ಅನಾಹುತ ಆಗಿದೆ. ಶ್ರೇಯಾಳನ್ನು ಆ ಇಳಿಜಾರಿಗೆ ಆರು ತಿಂಗಳು ಒಬ್ಬಳೇ ಕಳಿಸಬೇಡ. ನೀನು ಪಕ್ಕದಲ್ಲಿ ಕೂತು ಕರೆದೊಯ್ಯಿ. ನ್ಯೂಟ್ರಲ್‌ನಲ್ಲಿ ಇಳಿಸಬಾರದು, ಗೇರಿನಲ್ಲೇ ಇಳಿಸಬೇಕು ಅಂತ ಅಲ್ಲೇ ಕಲಿಸು.

ಚಿನ್ಮಯನ ವಿಷಯದಲ್ಲಿ ನಾನು ಕಟುವಾಗಿ ಹೇಳುತ್ತೇನೆ. ಅವನಿಗೆ ಇನ್ನೂ 17. ಸೊಸೈಟಿ ಒಳಗೆ ಒಂದು ಸುತ್ತು ಅಂದರೂ ಕೀಲಿ ಕೊಡಬೇಡ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. 2024ರ ಮೇ ತಿಂಗಳಲ್ಲಿ ಕಲ್ಯಾಣಿ ನಗರದಲ್ಲಿ ಅಪ್ರಾಪ್ತ ಹುಡುಗ ಓಡಿಸಿದ ಕಾರಿನಿಂದ ಏನಾಯಿತು ಅಂತ ಪುಣೆಯಲ್ಲಿರುವ ನಿನಗೆ ನಾನು ಹೇಳಬೇಕಾಗಿಲ್ಲ. ಎರಡು ಮನೆಗಳ ಎಳೆ ಜೀವ ಹೋಯಿತು. ನಮ್ಮ ಹುಡುಗ ಯಾರ ಮನೆಗೂ ಅಂಥ ಸುದ್ದಿ ಒಯ್ಯಬಾರದು.

ಕಾಗದದ ಕೆಲಸ ಬೇಗ ಮುಗಿಸು. ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿ ಸಾಲ ಬಾಕಿ, ಚಲನ್ ಬಾಕಿ ನೋಡು. ಸಾಲ ತೀರಿದ್ದರೆ ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಬ್ಯಾಂಕಿನ ಫಾರ್ಮ್ 35 ಕೇಳು. ಗಾಡಿ ನಿನ್ನ ಹೆಸರಿಗೆ ಮಾಡುವ ಫಾರ್ಮ್ 29, 30ಕ್ಕೆ ಸಹಿ ಹಾಕಿಸಿಕೊಂಡೇ ಪೂರ್ತಿ ದುಡ್ಡು ಕೊಡು. ಆರ್‌ಸಿ ವರ್ಗಾವಣೆಯ ಜೊತೆಗೆ 14 ದಿನದೊಳಗೆ ವಿಮೆಯೂ ನಿನ್ನ ಹೆಸರಿಗೆ ಬರುವಂತೆ ಅರ್ಜಿ ಹಾಕು. ಮಾರಿದವರ ನೋ ಕ್ಲೇಮ್ ಬೋನಸ್ ನಿನಗೆ ಬರುವುದಿಲ್ಲ, ಪ್ರೀಮಿಯಂ ಸ್ವಲ್ಪ ಜಾಸ್ತಿ ಆಗುತ್ತದೆ. ಅದಕ್ಕೆ ಬೇಸರ ಮಾಡಿಕೊಂಡು ಎದುರಿನವರ ನಷ್ಟಕ್ಕೆ ಮಾತ್ರ ಆಗುವ ಬರೀ ಥರ್ಡ್ ಪಾರ್ಟಿ ವಿಮೆ ಮಾಡಿಸಬೇಡ.

ಅಡ್ವಾನ್ಸ್ ಕೊಡುವ ಮೊದಲು ಗಾಡಿಯ ನಂಬರ್, ಹಳೆ ಪಾಲಿಸಿಯ ಫೋಟೋ ನನಗೆ ಕಳಿಸು. ಕ್ಲೇಮ್ ಆಗಿದೆಯಾ ಅಂತ ಹೇಗೆ ವಿಚಾರಿಸಬೇಕು ಅಂತ ನನಗೆ ಗೊತ್ತು. ಸುಮಾಗೂ ಮಕ್ಕಳಿಗೂ ಆಶೀರ್ವಾದ.

ಇಂತಿ ನಿನ್ನ
ಅತ್ತೆ